ಹೊಟ್ಟೆಯ ಗಂಟು ಮತ್ತು ನಮ್ಮ ಅತ್ತೆ

ನಾನು ಬಸ್ ಕಂಡಕ್ಟರ್. ಕುಷ್ಟಗಿಯಿಂದ ಯಲಬುರ್ಗಾ, ಕುಕನೂರು ಹಾದು ಕೊಪ್ಪಳಕ್ಕೆ ಹೋಗಿಬರುವ ಬಸ್ಸಿನಲ್ಲಿ ನನ್ನ ಅರ್ಧ ಆಯುಷ್ಯ ನಿಂತುಕೊಂಡೇ ಕಳೆದಿದೆ. ಬೆಳಗಿನ ಟ್ರಿಪ್ಪಿನಲ್ಲಿ ಕಾಲೇಜು ಹುಡುಗಿಯರು, ಕೂಲಿಗೆ ಹೊರಟ ಹೆಣ್ಣುಮಕ್ಕಳು, ಕೋರ್ಟು ಕಚೇರಿ ಅಂತ ಹೊರಟವರು ಹತ್ತಿಕೊಂಡರೆ ಕಂಡಕ್ಟರಿಗೆ ಸೀಟು ಎಲ್ಲಿಂದ ಬರಬೇಕು. ಕಂಬಿಗೆ ಸೊಂಟ ಆನಿಸಿ, ಒಂದು ಕೈಯಲ್ಲಿ ಟಿಕೆಟ್ ಮಷಿನ್ ಹಿಡಿದು, ಮಂದಿಯನ್ನು ಹೊಟ್ಟೆಯಿಂದಲೇ ಸರಿಸುತ್ತ ಹಿಂದಿನ ಬಾಗಿಲಿನಿಂದ ಮುಂದಿನವರೆಗೆ ಬರಬೇಕು. ಆ ಹೊಟ್ಟೆಯೇ ಒಂದು ದಿನ ಕೈಕೊಟ್ಟಿತು.

ನನ್ನ ಇಬ್ಬರು ಹೆಣ್ಣುಮಕ್ಕಳೂ ಸಿಸೇರಿಯನ್ನಿನಲ್ಲಿ ಹುಟ್ಟಿದವರು. ಎರಡನೆಯವಳು ಹುಟ್ಟಿ ಕೆಲವು ವರ್ಷಗಳಾದ ಮೇಲೆ, ಹೊಕ್ಕುಳದ ಕೆಳಗೆ, ಹಳೆಯ ಹೊಲಿಗೆಯ ಗೆರೆಯ ಮೇಲೆ ನಿಂಬೆಹಣ್ಣಿನಷ್ಟು ಒಂದು ಉಬ್ಬು ಕಾಣಿಸಿಕೊಂಡಿತು. ಕೆಮ್ಮಿದರೆ ಹೊರಗೆ ಬರುತ್ತಿತ್ತು, ಅಂಗಾತ ಮಲಗಿದರೆ ಒಳಗೆ ಹೋಗುತ್ತಿತ್ತು. ನೋವಿರಲಿಲ್ಲ. ನೋವಿಲ್ಲದ್ದಕ್ಕೆ ರಜೆ ಹಾಕಿ ದವಾಖಾನೆಗೆ ಹೋಗುವ ಪದ್ಧತಿ ನಮ್ಮಲ್ಲಿ ಇಲ್ಲ. ಹಳೆಯ ಕಾಟನ್ ಸೀರೆ ಹರಿದು ಅಗಲವಾದ ಪಟ್ಟಿ ಮಾಡಿ, ಹೊಟ್ಟೆಗೆ ಬಿಗಿದುಕೊಂಡು, ಅದರ ಮೇಲೆ ಯೂನಿಫಾರ್ಮ್ ಹಾಕಿಕೊಂಡು ಡ್ಯೂಟಿಗೆ ಹೋಗುತ್ತಿದ್ದೆ. ನಿಂಬೆಹಣ್ಣು ಉಳ್ಳಾಗಡ್ಡಿಯಾಯಿತು, ಉಳ್ಳಾಗಡ್ಡಿ ಸಣ್ಣ ತೆಂಗಿನಕಾಯಿಯಾಯಿತು. ಪಟ್ಟಿ ಅಗಲವಾಗುತ್ತ ಹೋಯಿತು.

ಇದು ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬರು ನನ್ನ ಗಂಡ. ಅವರು ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಇನ್ನೊಬ್ಬರು ನಮ್ಮ ಅತ್ತೆ. ಕುಷ್ಟಗಿಯ ಮನೆಯಲ್ಲಿ ನಾನು ಡ್ಯೂಟಿಗೆ ಹೋದಾಗ ಮಕ್ಕಳನ್ನು ನೋಡಿಕೊಂಡು, ಒಲೆ ನೋಡಿಕೊಂಡು ಇರುವವರು ಅವರೇ. ಗಂಡ ಆಗಾಗ ತೋರಿಸು ಅನ್ನುತ್ತಿದ್ದರು. ಅತ್ತೆ ಮಾತ್ರ ಆ ಮಾತು ಬಂದರೆ ಎದ್ದು ಹೋಗುತ್ತಿದ್ದರು. ಅವರ ಸ್ವಂತ ತಂಗಿಯನ್ನು ಬಹಳ ಹಿಂದೆ ಹೊಟ್ಟೆ ಆಪರೇಷನ್ನಿಗೆ ಅಂತ ಕರೆದುಕೊಂಡು ಹೋಗಿದ್ದರಂತೆ. ಆಪರೇಷನ್ ಛಲೋ ಆಯಿತು ಅಂತ ಡಾಕ್ಟರು ಹೇಳಿದ್ದರಂತೆ. ಕೆಲವು ದಿನ ಬಿಟ್ಟು ಹೆಣ ತಂದರಂತೆ. ಅಂದಿನಿಂದ ಹೊಟ್ಟೆ ಕೊಯ್ಯುವುದು ಅಂದರೆ ಅತ್ತೆಯ ಪಾಲಿಗೆ ಮನುಷ್ಯನನ್ನು ಕಳೆದುಕೊಳ್ಳುವುದು ಅಂತಲೇ ಅರ್ಥ.

ಅದು ಮಧ್ಯಾಹ್ನದ ಟ್ರಿಪ್ಪು. ಕುಕನೂರು ಬಿಟ್ಟು ಕೊಪ್ಪಳದ ಕಡೆ ಹೊರಟಿದ್ದೆವು. ಇಟಗಿಯ ಗುಡಿ ನೋಡಿ ಬಂದಿದ್ದ ಕಾಲೇಜು ಮಕ್ಕಳ ಗುಂಪೊಂದು ಹತ್ತಿ ಬಸ್ಸು ಕಿಕ್ಕಿರಿದಿತ್ತು. ರಸ್ತೆಯ ಒಂದು ಹಂಪಿನ ಮೇಲೆ ಬಸ್ಸು ಎಗರಿದಾಗ ಪಟ್ಟಿಯ ಕೆಳಗೆ ಏನೋ ಹಿಂಡಿದಂತಾಯಿತು. ನಾನು ಅಂಗೈಯಿಂದ ಒತ್ತಿ ನೋಡಿದೆ. ದಿನಾ ಒತ್ತಿದರೆ ಮೆತ್ತಗೆ ಒಳಗೆ ಸರಿಯುತ್ತಿದ್ದದ್ದು ಆವತ್ತು ಕಲ್ಲಿನಂತೆ ಗಟ್ಟಿಯಾಗಿತ್ತು. ಇನ್ನೂ ಸ್ವಲ್ಪ ದೂರ ಹೋಗುವುದರೊಳಗೆ ಬೆವರು ಇಳಿಯತೊಡಗಿತು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿಕೊಂಡೆ. ಟಿಕೆಟ್ ಮಷಿನ್ ಯಾರದೋ ತೊಡೆಯ ಮೇಲೆ ಬಿತ್ತು.

ನಮ್ಮ ಡ್ರೈವರ್ ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು, ನಿವೃತ್ತಿಗೆ ಹತ್ತಿರ ಬಂದವರು. ಇಡೀ ಟ್ರಿಪ್ಪಿಗೆ ಅವರ ಬಾಯಿಂದ ಹತ್ತು ಮಾತು ಬಂದರೆ ಹೆಚ್ಚು. ಬಸ್ಸನ್ನು ಬದಿಗೆ ನಿಲ್ಲಿಸಿ ಹಿಂದೆ ಬಂದರು. ನನ್ನ ಮುಖ ನೋಡಿದರು, ನಾನು ಹೊಟ್ಟೆ ಹಿಡಿದುಕೊಂಡಿದ್ದ ರೀತಿ ನೋಡಿದರು. ಸೀಟಿನಲ್ಲಿದ್ದ ಹೆಣ್ಣುಮಗಳೊಬ್ಬಳನ್ನು ಎಬ್ಬಿಸಿ ನನ್ನನ್ನು ಮಲಗಿಸಿದರು. ಆಮೇಲೆ ಬಸ್ಸಿಗೆಲ್ಲ ಕೇಳುವಂತೆ ಹೇಳಿದರು, "ನಡುವ ಎಲ್ಲೂ ನಿಂದ್ರಸಂಗಿಲ್ಲ. ಸೀದಾ ಕೊಪ್ಪಳ ದವಾಖಾನಿಗೆ. ನಡುವ ಇಳಿಯವ್ರು ನನ್ನ ಮಾಫ್ ಮಾಡ್ರಿ."

ಒಬ್ಬರೂ ತಕರಾರು ಮಾಡಲಿಲ್ಲ. ಭಾನಾಪುರದಲ್ಲಿ ಇಳಿಯಬೇಕಿದ್ದ ಮುದುಕರೊಬ್ಬರು ತಮ್ಮ ಊರು ಕಿಟಕಿಯಲ್ಲಿ ಹಾದು ಹೋಗುವುದನ್ನು ನೋಡುತ್ತ ನನಗೆ ಟವೆಲ್ಲಿನಿಂದ ಗಾಳಿ ಹಾಕುತ್ತಿದ್ದರು. ಸೀಟು ಬಿಟ್ಟುಕೊಟ್ಟ ಹೆಣ್ಣುಮಗಳು ನನ್ನ ಕ್ಯಾಶ್ ಬ್ಯಾಗನ್ನು ಎದೆಗೆ ಅವುಚಿಕೊಂಡು ದಾರಿಯುದ್ದಕ್ಕೂ ನಿಂತೇ ಬಂದಳು. ತುಂಬಿದ ಬಸ್ಸು ದವಾಖಾನೆಯ ಗೇಟಿನ ಮುಂದೆ ಹೋಗಿ ನಿಂತಿತು.

ಸರ್ಜನ್ ಒಬ್ಬ ಹೆಣ್ಣುಮಗಳು, ಬೀದರ ಕಡೆಯವರು, ನನಗಿಂತ ಚಿಕ್ಕವರು. ನನ್ನ ಕಾಲಿನ ಕಡೆ ಮಂಚ ಎತ್ತರ ಮಾಡಿಸಿ, ಇಂಜೆಕ್ಷನ್ ಕೊಡಿಸಿ, ಸ್ವಲ್ಪ ಹೊತ್ತು ಕಾದು, ಆಮೇಲೆ ಎರಡೂ ಕೈಯಿಂದ ಮೆಲ್ಲಗೆ, ಕಣಕ ನಾದಿದ ಹಾಗೆ ಆ ಗಂಟನ್ನು ಒತ್ತುತ್ತ ಹೋದರು. ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲ. ಒಮ್ಮೆಲೇ ಒಳಗೆ ಗುಳುಗುಳು ಅಂದು ಅದು ಸರಿದು ಹೋಯಿತು. ನೋವು ಯಾರೋ ಸ್ವಿಚ್ ಆರಿಸಿದಂತೆ ನಿಂತಿತು. ನಾನು ಅತ್ತುಬಿಟ್ಟೆ.

ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಎಲ್ಲ ಬಿಡಿಸಿ ಹೇಳಿದರು. ಹಳೆಯ ಹೊಲಿಗೆಯ ಜಾಗದಲ್ಲಿ ಹೊಟ್ಟೆಯ ಗೋಡೆ ಸಡಿಲವಾಗಿ ತೂತು ಬಿದ್ದಿದೆ, ಅದಕ್ಕೆ ಹರ್ನಿಯಾ ಅನ್ನುತ್ತಾರೆ, ಕರುಳು ಆ ತೂತಿನಿಂದ ಹೊರಗೆ ಬಂದು ಹೋಗಿ ಮಾಡುತ್ತಿದೆ, ಈ ಸಲ ಬಂದದ್ದು ಸಿಕ್ಕಿಕೊಂಡಿತ್ತು. "ಈಗ ಒಳಗ ಹೋಗ್ಯದ, ನಿಮ್ಮ ಪುಣ್ಯಾ. ಇನ್ನೊಂದ್ ಸಲ ಸಿಕ್ಕೊಂಡು ಕರುಳು ಕೊಳೀತಂದ್ರ ನಮ್ಮ ಕೈಯಾಗ ಭಾಳ ಹೊತ್ತು ಇರಂಗಿಲ್ಲ. ಆಪರೇಷನ್ ಆಗ್ಲೇಬೇಕು," ಅಂದರು. ಆಗಲೇ ರಕ್ತ ಪರೀಕ್ಷೆಯ ಫಲಿತಾಂಶ ಬಂತು. ಸಕ್ಕರೆ ಏರಿತ್ತು. ನನಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾದದ್ದೇ ಆವತ್ತು.

ಸಕ್ಕರೆ ಹೀಗೇ ಇದ್ದರೆ ಗಾಯ ಮಾಯುವುದಿಲ್ಲ, ತೂಕವೂ ಇಳಿಯಬೇಕು, ಎದೆಯಲ್ಲಿನ ಕೆಮ್ಮು ಹೋಗಬೇಕು, ಅದಕ್ಕೆ ಕೆಲವು ವಾರ ಬೇಕು ಅಂದರು ಸರ್ಜನ್. ನಡುವೆ ನೋವು ಬಂದರೆ ಮನೆಯಲ್ಲಿ ಒಂದು ಗಳಿಗೆಯೂ ನಿಲ್ಲದೆ ಬರಬೇಕು ಅಂತ ಎಚ್ಚರಿಸಿದರು. ಕೊನೆಗೆ ಎದ್ದು ಹೋಗುವಾಗ ತಿರುಗಿ ಹೇಳಿದ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. "ಆಪರೇಷನ್ ನಾ ಮಾಡ್ತೀನಿ. ಅದಕ್ಕ ಮೈ ತಯಾರ್ ಮಾಡೋದು ನಿಮ್ಮ ಕೆಲಸ."

ಮನೆಗೆ ಬಂದು ಹೇಳಿದೆ. ಗಂಗಾವತಿಯಿಂದ ಓಡಿ ಬಂದಿದ್ದ ಗಂಡ, ನೀ ಹೇಗೆ ಅನ್ನುತ್ತೀಯೋ ಹಾಗೆ, ನಾನು ಮಿಲ್ಲಿನಲ್ಲಿ ರಜೆ ಕೇಳುತ್ತೇನೆ ಅಂದರು. ಅತ್ತೆ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಜೋರಾಯಿತು. ಎಲ್ಲರ ಊಟ ಮುಗಿದ ಮೇಲೆ ನನ್ನೆದುರು ಬಂದು ಕೂತು, ನನ್ನ ತಂಗಿಗೂ ಹೀಗೇ ಎಲ್ಲ ಬಿಡಿಸಿ ಹೇಳಿದ್ದರು, ಆಕೆಯೂ ಹೂಂ ಅಂದು ಹೋಗಿದ್ದಳು, ಪಟ್ಟಿ ಇನ್ನಷ್ಟು ಬಿಗಿಯಾಗಿ ಕಟ್ಟಿಕೋ, ಡ್ಯೂಟಿ ಬಿಟ್ಟುಬಿಡು, ಆದರೆ ಕೊಯ್ಯಿಸಿಕೊಳ್ಳಬೇಡ ಅಂತ ಕೇಳಿಕೊಂಡರು. ಗದರಿಸಿ ಹೇಳಿದ್ದರೆ ನಾನೂ ಗದರಿಸುತ್ತಿದ್ದೆ. ಕೇಳಿಕೊಂಡದ್ದರಿಂದ ನನಗೆ ಸಂಕಟವಾಯಿತು.

"ಅತ್ತಿ, ನಾ ಸುಮ್ನ ಕುಂತ್ರ ಅದೇನ ಸುಮ್ನ ಕುಂದರಂಗಿಲ್ರಿ," ಅಂದೆ. "ಬಸ್ಸಿನ್ಯಾಗ ಆ ನೋವು ನೋಡೀನಿ. ಇನ್ನೊಮ್ಮೆ ಅದು ನನ್ನ ಹುಡುಕ್ಕೊಂಡ್ ಬರೂ ಮೊದ್ಲ ನಾನ ಹೋಗಿ ಮಾಡಿಸ್ಕೊಂಡ್ ಬರ್ತೀನ್ರಿ."

ಅತ್ತೆ ಎದ್ದು ಮಕ್ಕಳಿಗೆ ಹಾಸಿಗೆ ಹಾಸಲು ಹೋದರು. ಆವತ್ತಿನಿಂದ ನನ್ನ ಜೊತೆ ಮಾತು ಬಹಳ ಕಡಿಮೆ ಮಾಡಿದರು.

ಡಿಪೊದಲ್ಲಿ ಹೇಳಿಕೊಂಡಾಗ ನನ್ನನ್ನು ಬಸ್ಸಿನಿಂದ ಇಳಿಸಿ ಸ್ಟ್ಯಾಂಡಿನಲ್ಲಿ ಕೂತು ಮಾಡುವ ಕೆಲಸಕ್ಕೆ ಹಾಕಿದರು. ಕೆಲಸಕ್ಕೆ ಹೋಗುವ ಮುಂಚೆ, ದಿನಾ ಬೆಳಕು ಹರಿಯುತ್ತಲೇ, ನಿಡಶೇಸಿ ಕೆರೆಯ ಕಡೆ ನಡೆಯಲು ಶುರು ಮಾಡಿದೆ. ಬಸ್ಸಿನಲ್ಲಿ ಇಡೀ ದಿನ ನಿಲ್ಲುವವಳಿಗೆ ನಡೆಯುವುದು ಯಾವ ದೊಡ್ಡ ಕೆಲಸ ಅಂದುಕೊಂಡಿದ್ದೆ. ನಿಲ್ಲುವ ಕಾಲೇ ಬೇರೆ, ನಡೆಯುವ ಕಾಲೇ ಬೇರೆ. ಮೊದಲ ವಾರ ಊರು ದಾಟುವುದರೊಳಗೆ ಉಸಿರು ಮೇಲೆ ಬರುತ್ತಿತ್ತು. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಹೊಟ್ಟೆಗೆ ಕೈ ಹಚ್ಚಿ ಗಂಟು ಮೆತ್ತಗಿದೆಯೋ ಇಲ್ಲವೋ ನೋಡಿಕೊಂಡು ಮತ್ತೆ ಏಳುತ್ತಿದ್ದೆ.

ನಡೆಯುವುದಕ್ಕಿಂತ ಕಷ್ಟವಾದದ್ದು ಚಹಾ. ಕಂಡಕ್ಟರುಗಳಿಗೆ ಪ್ರತಿ ಸ್ಟ್ಯಾಂಡಿನಲ್ಲೂ ಒಂದು ಚಹಾದ ಅಂಗಡಿ, ಪ್ರತಿ ಅಂಗಡಿಯಲ್ಲೂ ಒಂದು ಸಲಿಗೆ. ಸಕ್ಕರೆ ಇಲ್ಲದ ಚಹಾ ಕೇಳಿದಾಗ ಕುಷ್ಟಗಿ ಸ್ಟ್ಯಾಂಡಿನ ಅಂಗಡಿಯವರು ಯಾಕೆ ಜಗಳವಾಡಿದ್ದೀರೇನು ಅಂತ ಕೇಳಿದರು. ಸಂಜೆಯ ಮಿರ್ಚಿ ಮಂಡಕ್ಕಿ ಬಿಟ್ಟೆ. ಅದನ್ನು ಕರಿಯುವ ವಾಸನೆ ಬರುವ ಕಡೆಯಿಂದ ಬಾರದೆ ಸುತ್ತು ಹಾಕಿ ಮನೆಗೆ ಬರುತ್ತಿದ್ದೆ. ಗುಳಿಗೆ ಒಂದು ದಿನವೂ ತಪ್ಪಿಸಲಿಲ್ಲ.

ಉಸಿರಿನ ಅಭ್ಯಾಸಕ್ಕೆ ದವಾಖಾನೆಯವರು ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರು. ಅದರಲ್ಲಿ ಮೂರು ಕೊಳವೆ, ಕೊಳವೆಗೊಂದು ಸಣ್ಣ ಉಂಡಿ. ನಳಿಕೆ ಬಾಯಿಗಿಟ್ಟು ಉಸಿರು ಒಳಗೆ ಎಳೆದರೆ ಉಂಡಿಗಳು ಮೇಲೇಳಬೇಕು. ಮೊದಲು ನನಗೆ ಒಂದೇ ಉಂಡಿ ಏಳುತ್ತಿತ್ತು, ಅದೂ ಗಡಗಡ ನಡುಗುತ್ತ. ಮಕ್ಕಳಿಬ್ಬರೂ ಮೂರನ್ನೂ ಒಂದೇ ಸಲಕ್ಕೆ ಏರಿಸಿ ನನ್ನನ್ನು ನೋಡಿ ನಗುತ್ತಿದ್ದರು. ನಾನು ಅಡುಗೆಮನೆಯ ಕಟ್ಟೆಯ ಮೇಲೆ ಅದನ್ನಿಟ್ಟುಕೊಂಡು, ಬಂದಾಗೊಮ್ಮೆ ಹೋದಾಗೊಮ್ಮೆ ಉಸಿರೆಳೆಯುತ್ತಿದ್ದೆ. ಅತ್ತೆ ಅದನ್ನು ನೋಡಿಯೂ ನೋಡದವರಂತೆ ಇರುತ್ತಿದ್ದರು. ಆದರೆ ಮನೆಯಲ್ಲಿ ಬೆಲ್ಲದ ಡಬ್ಬಿ ಇದ್ದ ಜಾಗದಲ್ಲಿ ಇರಲಿಲ್ಲ. ಅನ್ನದ ಬದಲು ನವಣೆ ಬೇಯತೊಡಗಿತು. ನನ್ನ ತಟ್ಟೆಗೆ ಬೀಳುವ ರೊಟ್ಟಿ ತೆಳ್ಳಗಾಯಿತು, ಪಲ್ಯ ಜಾಸ್ತಿಯಾಯಿತು.

ಸಕ್ಕರೆ ಇಳಿಯಿತು. ಮೂರನೆಯ ಉಂಡಿಯೂ ಎದ್ದಿತು. ಸರ್ಜನ್ ಹೊಟ್ಟೆ ಮುಟ್ಟಿ ನೋಡಿ, ರಕ್ತ ನೋಡಿ, ಬರ್ರಿ ಇನ್ನ ಅಂದರು.

ಅಡ್ಮಿಟ್ ಆಗುವ ದಿನ ಬೆಳಿಗ್ಗೆ ನಾನೂ ಗಂಡನೂ ಚೀಲ ಹಿಡಿದು ಹೊರಡುವಾಗ ಅತ್ತೆ ಹೊರಗಿನ ಕಟ್ಟೆಯ ಮೇಲೆ ತಮ್ಮ ಬಟ್ಟೆಯ ಗಂಟು ಕಟ್ಟಿಕೊಂಡು ಕೂತಿದ್ದರು. ಮಕ್ಕಳನ್ನು ಅಳವಂಡಿಯಿಂದ ಬಂದಿದ್ದ ನಮ್ಮ ಅವ್ವನಿಗೆ ಒಪ್ಪಿಸಿ ಆಗಿತ್ತು. ಯಾರೂ ಬರ್ರಿ ಅಂದಿರಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಕೂತರು.

ಆಪರೇಷನ್ನಿನ ದಿನ ಬಳೆ, ಕಾಲುಂಗುರ, ತಾಳಿ ಎಲ್ಲ ತೆಗೆಯಬೇಕು ಅಂದರು. ಕಾಲುಂಗುರ ಬರಲಿಲ್ಲ. ಅತ್ತೆ ನೆಲದ ಮೇಲೆ ಕೂತು, ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಸಾಬೂನು ಹಚ್ಚಿ ತಿರುವಿ ತಿರುವಿ ತೆಗೆದರು. ಎಲ್ಲವನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದರು. ನನಗೆ ಎಚ್ಚರವಿತ್ತು. ಎದೆಯ ಹತ್ತಿರ ಹಸಿರು ಬಟ್ಟೆಯ ಪರದೆ. ಅದರ ಆಚೆ ನನ್ನ ಹೊಟ್ಟೆಯ ಕೆಲಸ ನಡೆದಿತ್ತು. ಎಳೆಯುವುದು, ಒತ್ತುವುದು ಗೊತ್ತಾಗುತ್ತಿತ್ತು, ನೋವಿಲ್ಲ. ತೂತಿಗೆ ಸೊಳ್ಳೆಪರದೆಯಂಥ ಜಾಳಿಗೆ ಇಟ್ಟು ಹೊಲಿಯುತ್ತೇವೆ ಅಂತ ಸರ್ಜನ್ ಮುಂಚೆಯೇ ಹೇಳಿದ್ದರು. ಭಯವೇನೋ ಇತ್ತು. ಮೇಲಿನ ದೀಪ ನೋಡುತ್ತ, ಉಂಡಿ ಏರಿಸುವ ಹಾಗೆ ಉಸಿರೆಳೆದು ಬಿಡುತ್ತಿದ್ದೆ. ಆಗ ನರ್ಸಮ್ಮ ಒಬ್ಬರು ಇನ್ನೊಬ್ಬರಿಗೆ, ಇವತ್ತು ಡ್ಯೂಟಿ ತಡ ಆಗುತ್ತದೆ, ಗಂಗಾವತಿಯ ಬಸ್ಸು ತಪ್ಪುತ್ತದೆ ಅಂತ ಹೇಳುತ್ತಿದ್ದದ್ದು ಕೇಳಿಸಿತು. ನನ್ನ ಬಾಯಿ ತಡೆಯಲಿಲ್ಲ. ಹೊಸಪೇಟೆಯ ಗಾಡಿ ಹತ್ತಿ ಗಿಣಿಗೇರಿಯಲ್ಲಿ ಇಳಿಯಿರಿ, ಅಲ್ಲಿಂದ ಗಂಗಾವತಿಗೆ ಸಿಗುತ್ತವೆ ಅಂತ ಪರದೆಯ ಈಚೆಯಿಂದ ಹೇಳಿದೆ. ಸರ್ಜನ್ ನಗುತ್ತ, ಹೊಟ್ಟೆ ಅಲುಗಾಡಿಸಬೇಡ್ರಿ ಕಂಡಕ್ಟರೇ ಅಂದರು. ನನ್ನ ಭಯ ಅಲ್ಲಿಗೆ ಅರ್ಧ ಇಳಿಯಿತು.

ಮಾರನೆಯ ದಿನದ ನೋವಿನ ಬಗ್ಗೆ ನನಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಹೇಳಿದ್ದರೂ ತಿಳಿಯುತ್ತಿರಲಿಲ್ಲ. ಕೆಮ್ಮು ಬಂದರೆ, ಸೀನು ಬಂದರೆ, ನಗು ಬಂದರೆ ಹೊಟ್ಟೆ ಎರಡು ಹೋಳಾಗುತ್ತದೆ ಅನ್ನಿಸುತ್ತಿತ್ತು. ಗಾಯದ ನೀರು ಇಳಿಯಲೆಂದು ಹೊಟ್ಟೆಯ ಪಕ್ಕದಲ್ಲಿ ಒಂದು ನಳಿಕೆ ಹಾಕಿ ಬಾಟಲಿಗೆ ಜೋಡಿಸಿದ್ದರು. ಬೆಳಿಗ್ಗೆ ನರ್ಸಮ್ಮ ಬಂದು, ಇವತ್ತೇ ಎದ್ದು ನಡೆಯಬೇಕು ಅಂದಾಗ ನಾನು ಗೋಡೆಯ ಕಡೆ ಮುಖ ಮಾಡಿದೆ. ನಾಳೆ ನಡೆಯುತ್ತೇನೆ ಅಂದೆ. ಗಂಡನೂ, ಪಾಪ, ನಾಳೆ ನಡೆಯಲಿ ಬಿಡ್ರಿ ಅಂದರು. ನರ್ಸಮ್ಮ ಬೇರೆ ಮಂಚದ ಕಡೆ ಹೋದರು. ಅತ್ತೆ ಅವರ ಹಿಂದೆ ಹೋಗಿ ಬಾಗಿಲ ಹತ್ತಿರ ನಿಲ್ಲಿಸಿ ಏನೋ ಕೇಳಿದ್ದು, ನರ್ಸಮ್ಮ ತಮ್ಮ ಮೀನಖಂಡ ಮುಟ್ಟಿ, ಎದೆ ಮುಟ್ಟಿ ಏನೋ ತೋರಿಸಿದ್ದು ಕಾಣಿಸಿತು. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಎದೆಗೆ ಏರುತ್ತದೆ, ಅದಕ್ಕೇ ಎಬ್ಬಿಸುವುದು ಅಂತ ಹೇಳಿದರಂತೆ.

ಅತ್ತೆ ತಿರುಗಿ ಬಂದಾಗ ಅವರ ಮುಖವೇ ಬೇರೆಯಾಗಿತ್ತು. ನನ್ನ ಮಂಚದ ಪಕ್ಕ ನಿಂತು ಅಂದರು, "ಏಳ ಯವ್ವಾ."

"ನಾಳಿಗಿ ಅತ್ತಿ, ಇವತ್ತ ಆಗಂಗಿಲ್ರಿ."

"ನನ್ನ ತಂಗಿಗಿ ಕೊಯ್ದಿದ್ದಕ್ಕ ಏನೂ ಆಗಿರಲಿಲ್ಲ. ಮಕ್ಕೊಂಡಾಕಿ ಮಕ್ಕೊಂಡ ಇದ್ಲು. ಪಾಪ ಹೊಟ್ಟಿ ಕೊಯ್ಸಿಕೊಂಡಾಳ, ಮಕ್ಕೊಳ್ಲಿ ಅಂತ ನಾವ ಹೊದಿಸಿ ಮಲಗಿಸಿದ್ವಿ. ಅಕಿನ್ನ ಏಳಸವ್ರು ಯಾರೂ ಇರಲಿಲ್ಲ. ನಿನಗ ನಾ ಅದೀನಿ. ಏಳು."

ಆ ಮಾತು ಕೇಳಿದ ಮೇಲೆ ಮಲಗಿರುವುದು ನನ್ನಿಂದ ಆಗಲಿಲ್ಲ. ನರ್ಸಮ್ಮ ಹೇಳಿಕೊಟ್ಟಂತೆ ಮೊದಲು ಮಗ್ಗುಲಿಗೆ ಹೊರಳಿದೆ. ಕಾಲು ಕೆಳಗೆ ಇಳಿಬಿಟ್ಟೆ. ಮೊಣಕೈ ಊರಿ ಎದ್ದೆ. ಒಂದು ತಲೆದಿಂಬನ್ನು ಹೊಟ್ಟೆಗೆ ಅವುಚಿಕೊಂಡೆ. ಕಣ್ಣಿಗೆ ಕತ್ತಲೆ ಬಂತು. ಅತ್ತೆಯ ಹೆಗಲು ಹಿಡಿದುಕೊಂಡು ನಿಂತೆ. ಅವರು ನನಗಿಂತ ಗಿಡ್ಡ, ನನಗಿಂತ ತೆಳು, ಆದರೆ ಹೊಲದಲ್ಲಿ ದುಡಿದ ಹೆಗಲು, ಒಂದಿಷ್ಟೂ ಬಾಗಲಿಲ್ಲ. ಬಾಟಲಿಯನ್ನು ಗಂಡ ಹಿಡಿದುಕೊಂಡರು. ವಾರ್ಡಿನ ಬಾಗಿಲವರೆಗೆ ಹೋದೆ, ಬಂದೆ. ಬೆನ್ನೆಲ್ಲ ಬೆವರಾಗಿತ್ತು. ಮಂಚದ ಮೇಲೆ ಕೂರುವ ಮೊದಲೇ ಅತ್ತೆ, ಊಟ ಆದ ಮೇಲೆ ಮತ್ತೆ ಅಂದರು.

ಅಲ್ಲಿಂದ ಮುಂದೆ ನನಗೆ ಬಿಡುವು ಸಿಗಲಿಲ್ಲ. ಅತ್ತೆ ವಾರ್ಡಿಗೇ ಹಿರಿಯರಾದರು. ಪ್ರತಿ ಬೆಳಿಗ್ಗೆ ಸರ್ಜನ್ ಬಂದು ಗಾಳಿ ಹೋಯಿತಾ ಅಂತ ಕೇಳುತ್ತಿದ್ದರು. ಕರುಳು ಕೆಲಸ ಶುರು ಮಾಡಿದೆ ಅನ್ನುವುದಕ್ಕೆ ಅದೇ ಗುರುತಂತೆ. ನನಗೆ ನಾಚಿಕೆ. ಹೋದ ದಿನ ಅತ್ತೆ ಇಡೀ ವಾರ್ಡಿಗೆ ಸಾರಿದರು. ಅತ್ತ ಕಡೆಯ ಮಂಚದ ಮುದುಕಿ ಅಲ್ಲಿಂದಲೇ ಕೈ ಮುಗಿದಳು. ನಗು ತಡೆಯಲು ದಿಂಬು ಒತ್ತಿಕೊಂಡು ನಾನು ಒದ್ದಾಡಿದೆ.

ಮನೆಗೆ ಬಂದ ಮೇಲಿನದು ಬೇರೆ ಥರದ ಕಷ್ಟ. ಮೂರು ತಿಂಗಳು ಭಾರ ಎತ್ತಕೂಡದು. ತುಂಬಿದ ಕೊಡ ಎತ್ತಕೂಡದು, ಗ್ಯಾಸಿನ ಸಿಲಿಂಡರ್ ಸರಿಸಕೂಡದು. ಹೊಟ್ಟೆಗೆ ಬೆಲ್ಟು ಹಾಕಿಕೊಂಡು, ನೀರು ಬಂದ ದಿನ ಬಾಗಿಲಲ್ಲಿ ನಿಂತು, ಮಕ್ಕಳು ಸಣ್ಣ ಬಿಂದಿಗೆಯಲ್ಲಿ ತರುವುದನ್ನು ನೋಡುತ್ತಿದ್ದೆ. ಗಂಡ ಮಿಲ್ಲಿನಿಂದ ಬಂದಾಗ ಸೀರೆ ಒಗೆದು ಒಣಹಾಕುತ್ತಿದ್ದರು. ಓಣಿಯವರು ನೋಡಿದರೆ ನೋಡಲಿ ಅಂತ ಅಂಗಳದಲ್ಲೇ ಹಾಕುತ್ತಿದ್ದರು. ಕೈಕಟ್ಟಿ ಕೂರುವುದು ನನಗೆ ಗೊತ್ತಿಲ್ಲದ ಕೆಲಸ. ಅದಕ್ಕೇ ನಡಿಗೆಯನ್ನು ಹಿಡಿದುಕೊಂಡೆ. ಮೊದಲು ಅಂಗಳ, ಆಮೇಲೆ ಓಣಿ, ಆಮೇಲೆ ಓಣಿಯ ತುದಿಯ ಬೇವಿನ ಮರ.

ಸ್ವಲ್ಪ ಚೇತರಿಸಿಕೊಂಡೆ ಅನ್ನುವಾಗಲೇ, ಒಂದು ಬೆಳಿಗ್ಗೆ ಸ್ನಾನ ಮಾಡುತ್ತ ಹೊಟ್ಟೆ ಮುಟ್ಟಿಕೊಂಡರೆ, ಅದೇ ಜಾಗದಲ್ಲಿ ಮತ್ತೆ ಉಬ್ಬು. ಇಷ್ಟೆಲ್ಲ ಮಾಡಿದ್ದು ಹೋಯಿತು, ಜಾಳಿಗೆ ಹರಿಯಿತು ಅಂದುಕೊಂಡೆ. ಅತ್ತೆಗೆ ಹೇಳಲು ಹೆದರಿಕೆ. ಹೇಳಿದೆ. ಅವರು ನೋಡಿದರು, ಮುಟ್ಟಿದರು, ಸೀರೆ ಬದಲಿಸಿಕೊಂಡು ಬಂದು, ನಡಿ ಅಂದರು.

ನಮ್ಮ ಡ್ರೈವರಣ್ಣನ ಬಸ್ಸಿಗೇ ಹತ್ತಿದೆವು. ನನ್ನನ್ನು ನೋಡಿ ಅವರು ಮುಂದಿನ ಸೀಟು ತೋರಿಸಿದರು. ಕೊಪ್ಪಳದವರೆಗೂ ಪ್ರತಿ ಹಂಪಿನ ಮೇಲೆ ಬಸ್ಸನ್ನು ಮೊಟ್ಟೆಯ ಮೇಲೆ ನಡೆಸಿದ ಹಾಗೆ ನಡೆಸಿದರು. ಹಿಂದಿನಿಂದ ಮಂದಿ ತಡವಾಯಿತು ಅಂತ ಗೊಣಗಿದರು. ಅವರು ಕನ್ನಡಿಯಲ್ಲೂ ನೋಡಲಿಲ್ಲ.

ಸರ್ಜನ್ ಮುಟ್ಟಿ ನೋಡಿ, ಸ್ಕ್ಯಾನಿಂಗ್ ಯಂತ್ರ ಹಚ್ಚಿ ನೋಡಿ, "ಗಂಟಲ್ಲ, ನೀರು ಅದ," ಅಂದರು. ಜಾಳಿಗೆ ಗಟ್ಟಿಯಾಗಿಯೇ ಇದೆ, ಕೊಯ್ದ ಜಾಗದಲ್ಲಿ ಕೆಲವರಿಗೆ ಹೀಗೆ ನೀರು ಕೂಡುತ್ತದೆ, ಇದರಲ್ಲಿ ಯಾರ ತಪ್ಪೂ ಇಲ್ಲ ಅಂದು, ಸೂಜಿಯಿಂದ ಎಳೆದು ತೆಗೆದರು. ಅದು ಮತ್ತೆ ಕೂಡಿತು, ಮತ್ತೆ ತೆಗೆಸಿಕೊಂಡೆ. ಪ್ರತಿ ಸಲ ಕೊಪ್ಪಳದಿಂದ ಬಂದ ಮರುದಿನ ಬೆಳಿಗ್ಗೆ ಬೇವಿನ ಮರದವರೆಗೆ ನಡೆದು ಬರುತ್ತಿದ್ದೆ. ಒಂದು ದಿನ ಹೊಟ್ಟೆ ಸಪಾಟಾಗಿಯೇ ಉಳಿಯಿತು. ಉಬ್ಬಿಗಾಗಿ ಕೈ ಹುಡುಕುವುದನ್ನು ಬಿಡಲು ಮಾತ್ರ ಇನ್ನೂ ಬಹಳ ದಿನ ಬೇಕಾಯಿತು.

ಈ ನಡುವೆ ಅಡುಗೆಮನೆಯ ಕಟ್ಟೆಯ ಮೇಲಿದ್ದ ಉಂಡಿಯ ಡಬ್ಬಿ ಆಗಾಗ ಜಾಗ ಬದಲಿಸುತ್ತಿತ್ತು. ಮಕ್ಕಳ ಕೆಲಸ ಅಂದುಕೊಂಡಿದ್ದೆ. ಅತ್ತೆ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟದ್ದನ್ನೂ ನೋಡಿದ್ದೆ, ಸಕ್ಕರೆ ತುಟ್ಟಿಯಾಯಿತೆಂದು ಇರಬಹುದು ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ಮಕ್ಕಳು ಶಾಲೆಗೆ ಹೋಗಿದ್ದಾಗ ಇಬ್ಬರೂ ತೊಗರಿಕಾಯಿ ಸುಲಿಯುತ್ತ ಕೂತಿದ್ದೆವು. ಅತ್ತೆ ತಲೆ ಎತ್ತದೆ ಅಂದರು, "ನಂದೂ ಒಂದ ಐತಿ."

ನನಗೆ ತಿಳಿಯಲಿಲ್ಲ. ಏನು ಅಂತ ಕೇಳಿದೆ.

ಕೊನೆಯ ಮಗ ಹುಟ್ಟಿದಾಗಿನಿಂದ ಗರ್ಭಚೀಲ ಕೆಳಗೆ ಜಾರಿದೆ ಅಂತ ಹೇಳಿದರು. ಕೊನೆಯ ಮಗ ಅಂದರೆ ನನ್ನ ಗಂಡ. ಅಷ್ಟು ವರ್ಷ. ಕೂತರೆ ಒಂದು ರೀತಿ, ಭಾರ ಹೊತ್ತರೆ ಒಂದು ರೀತಿ, ಕಳೆ ತೆಗೆಯಲು ಕುಕ್ಕರಗಾಲಲ್ಲಿ ಕೂತರಂತೂ ಪೂರ್ತಿ ಹೊರಗೆ. ಬಟ್ಟೆ ಕಟ್ಟಿಕೊಂಡೇ ಜೀವನ ಮಾಡಿದ್ದರು. ತಮ್ಮ ಗಂಡನಿಗೆ ಗೊತ್ತಿತ್ತೋ ಇಲ್ಲವೋ ಅವರು ಹೇಳಲಿಲ್ಲ. ಮಕ್ಕಳಿಗಂತೂ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಹಗ್ಗದ ಮೇಲೆ ಬಟ್ಟೆ ಒಣಹಾಕಿದ ನನಗೂ ಗೊತ್ತಾಗಿರಲಿಲ್ಲ. ನಾನು ಹೊಟ್ಟೆಗೆ ಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದಾಗ ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಇವರೂ ಕಟ್ಟಿಕೊಳ್ಳುತ್ತಿದ್ದರು.

"ಯಾಕ ಹೇಳಲಿಲ್ರಿ ಅತ್ತಿ?"

"ಯಾರಿಗಿ ಹೇಳ್ಲಿ? ಹೇಳಿದ್ರ ಕೊಯ್ತಾರ ಅಂತ ಅಂಜಿಕಿ ಇತ್ತು. ಈಗ ನಿನ್ನ ನೋಡಿದೆ. ಕೊಯ್ದ್ರು, ಎದ್ದಿ, ಅಡ್ಡಾಡಾಕತ್ತಿ." ಸುಲಿದ ಕಾಳನ್ನು ಬುಟ್ಟಿಗೆ ಹಾಕಿದರು. "ನಾನೂ ತಯಾರಿ ಮಾಡ್ಕೊಂಡೀನಿ. ಮೂರೂ ಉಂಡಿ ಏರಸ್ತೀನಿ."

ನಾನು ಡ್ಯೂಟಿಗೆ ಮರಳಿದ ಮೇಲೆ ಅವರನ್ನು ಕರೆದುಕೊಂಡು ಹೋದೆ. ಮೊದಲು ಕೆಲವು ವಾರ ಸ್ಟ್ಯಾಂಡಿನಲ್ಲೇ ಕೂತಿದ್ದು, ಆಮೇಲೆ ಬಸ್ಸು ಹತ್ತಿದ್ದೆ. ಮೊದಲ ಟ್ರಿಪ್ಪಿನಲ್ಲಿ ಹೊಟ್ಟೆಗೆ ಕೈ ಅಡ್ಡ ಹಿಡಿದೇ ಟಿಕೆಟ್ ಕೊಟ್ಟೆ. ಮಂದಿಯನ್ನು ಹೊಟ್ಟೆಯಿಂದ ಸರಿಸುವ ಕೆಲಸ ಬಿಟ್ಟು, ಸರೀರಿ ಸರೀರಿ ಅಂತ ಗಂಟಲು ಉಪಯೋಗಿಸುವುದು ಕಲಿತೆ. ಯಲಬುರ್ಗಾದ ಹೊತ್ತಿಗೆ ಕಾಲುಗಳು ನೋಯುತ್ತಿದ್ದವು, ಹೊಟ್ಟೆ ಸುಮ್ಮನಿತ್ತು.

ದವಾಖಾನೆಯಲ್ಲಿ ಹೆರಿಗೆ ವಿಭಾಗದ ಡಾಕ್ಟರಮ್ಮ ಅತ್ತೆಯನ್ನು ಪರೀಕ್ಷೆ ಮಾಡಿದರು. ಎದೆಯ ಬಡಿತವನ್ನೂ ನೋಡಿಸಿದರು. ಎಲ್ಲ ಮುಗಿಸಿ, ಸದ್ಯಕ್ಕೆ ಆಪರೇಷನ್ ಬೇಡ, ಒಳಗೆ ಒಂದು ರಬ್ಬರಿನ ಬಳೆಯಂಥದ್ದು ಇಡುತ್ತೇವೆ, ಅದು ಗರ್ಭಚೀಲವನ್ನು ಎತ್ತಿ ಹಿಡಿಯುತ್ತದೆ, ಕೆಲವು ತಿಂಗಳಿಗೊಮ್ಮೆ ಬಂದು ತೊಳೆಸಿಕೊಂಡು ಹೋಗಬೇಕು, ಅದರಿಂದ ಆರಾಮ ಸಿಗದಿದ್ದರೆ ಆಮೇಲೆ ಆಪರೇಷನ್ನಿನ ವಿಚಾರ ಮಾಡೋಣ ಅಂದರು. ನಾನು ನಿಟ್ಟುಸಿರು ಬಿಟ್ಟೆ. ಅತ್ತೆಯ ಮುಖ ಸಪ್ಪಗಾಯಿತು. ಮುದುಕಿ ಅಂತ ಕೈಬಿಡುತ್ತಿದ್ದೀರೇನು ಅಂತ ಡಾಕ್ಟರಮ್ಮನನ್ನು ಕೇಳಿದರು. ನಾನು ಉಸಿರಿನ ಉಂಡಿ ಮೂರೂ ಏರಿಸುತ್ತೇನೆ, ಬೇಕಾದರೆ ತರಿಸಿರಿ, ಇಲ್ಲೇ ಏರಿಸಿ ತೋರಿಸುತ್ತೇನೆ ಅಂದರು. ಡಾಕ್ಟರಮ್ಮ ಅವರ ಕೈ ಹಿಡಿದುಕೊಂಡು, ಅಷ್ಟು ಗಟ್ಟಿ ಇದ್ದೀರಿ ಅಂತಲೇ ಇದು ಸಾಕು ಅಂತ ಸಮಾಧಾನ ಮಾಡಬೇಕಾಯಿತು.

ಬಳೆ ಹಾಕಿಸಿಕೊಂಡು ಹೊರಗೆ ಬಂದವರು ಮೆಟ್ಟಿಲ ಮೇಲೆ ನಿಂತರು. ಒಂದು ಮೆಟ್ಟಿಲು ಇಳಿದರು, ನಿಂತರು, ಇನ್ನೊಂದು ಇಳಿದರು. ನೋವಾಗುತ್ತಿದೆಯೇನೋ ಅಂತ ಕೈ ಕೊಡಲು ಹೋದೆ. ಬೇಡ ಅಂದರು. ಜಾರುತ್ತಿಲ್ಲ ಅನ್ನುವುದನ್ನು ನೋಡಿಕೊಳ್ಳುತ್ತಿದ್ದರು. ಕೆಳಗೆ ಇಳಿದ ಮೇಲೆ ಗೇಟಿನವರೆಗೆ ನನಗಿಂತ ಮುಂದೆ ನಡೆದರು.

ಈಗಲೂ ಕೆಲವು ತಿಂಗಳಿಗೊಮ್ಮೆ ಅವರು ಕೊಪ್ಪಳಕ್ಕೆ ಹೋಗುತ್ತಾರೆ, ನನ್ನ ಬಸ್ಸಿಗೇ ಹತ್ತುತ್ತಾರೆ. ಕಳೆದ ಸಲ ಒಬ್ಬರೇ ಇರಲಿಲ್ಲ. ನಮ್ಮ ಓಣಿಯ ಇಬ್ಬರು ಹೆಂಗಸರು, ಒಬ್ಬರು ವಯಸ್ಸಾದವರು, ಒಬ್ಬಳು ನನ್ನ ವಯಸ್ಸಿನವಳು, ತಲೆ ತಗ್ಗಿಸಿ ಅವರ ಪಕ್ಕ ಕೂತಿದ್ದರು. ನಾನು ಮಷಿನ್ ಹಿಡಿದು ಹತ್ತಿರ ಹೋಗಿ, ಬೇರೆಯವರನ್ನು ಕೇಳುವಂತೆಯೇ ಎಲ್ಲಿಗೆ ಅಂತ ಕೇಳಿದೆ. ಹೆಂಗಸರಿಬ್ಬರೂ ಕಿಟಕಿಯ ಕಡೆ ನೋಡಿದರು.

"ಮೂರು ಕೊಪ್ಪಳ," ಅಂದರು ಅತ್ತೆ, ಹಿಂದಿನ ಸೀಟಿನವರಿಗೂ ಕೇಳುವ ಹಾಗೆ. "ದವಾಖಾನಿಗಿ ಹೊಂಟೀವಿ."

ನಾನು ಮೂರು ಟಿಕೆಟ್ ಹರಿದು ಅವರ ಕೈಗೆ ಕೊಟ್ಟೆ.